ಇಲ್ಲದವರ ಪಾಲು

ಕಲ್ಯಾಣಪುರ
೮ ಸೆಪ್ಟೆಂಬರ್ ೨೦೨೪

ಪ್ರೀತಿಯ ಜೆನಿಫರ್,

ಈ ಲಕೋಟೆಯಲ್ಲಿ ಏಳು ಕಾಳು ಉಂಟು. ಮೊದಲು ಅವನ್ನು ತೆಗೆದು ಜಾಗ್ರತೆಯಾಗಿ ಇಡು, ಆಮೇಲೆ ಓದು. ಹೋದ ವರ್ಷ ಗಡಿಬಿಡಿಯಲ್ಲಿ ಎರಡು ಕಾಳು ಮಂಚದ ಕೆಳಗೆ ಉರುಳಿಸಿ, ನೀನೂ ನಿನ್ನ ರೂಮಿನ ಚೈತಾಲಿಯೂ ಮೊಬೈಲಿನ ಬೆಳಕು ಹಿಡಿದು ಹುಡುಕಿದ ಕಥೆ ಮಾಯ್‌ಗೆ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಇಡೀ ವರ್ಷದ ಕಷ್ಟಕ್ಕೆಲ್ಲ ಆ ಎರಡು ಕಾಳೇ ಕಾರಣ ಎಂದುಬಿಡುತ್ತಾಳೆ.

ಇವತ್ತು ಮೊಂತಿ ಹಬ್ಬ. ಶಾರ್ಲೆಟ್ ಬುಟ್ಟಿ ತುಂಬ ಹೂ ತೆಗೆದುಕೊಂಡು ಹೋಗಿ ಬಾಲೆ ಮರಿಯಮ್ಮನಿಗೆ ಹಾಕಿ ಬಂದಳು. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಪ್ರಾರ್ಥನೆ ಮುಗಿಸಿ, ಮಾಯ್ ಕಾಳು ಸುಲಿದಳು. ತೆಂಗಿನ ಹಾಲಿಗೆ ಹಾಕಿ ನಮಗೆಲ್ಲ ಹಂಚುವ ಮೊದಲು ಮನೆಯಲ್ಲಿ ಇಲ್ಲದವರ ಪಾಲು ತೆಗೆದಿಟ್ಟಳು. "ಇದು ನನ್ನ ಸೊಸೆಗೆ. ಇಲ್ಲಿದ್ದವರು ಆಮೇಲೆ," ಎಂದಳು. ಇದು ನಿನಗೆ ಕಳಿಸುವ ಆರನೇ ಲಕೋಟೆ. ಎರಡು ವರ್ಷಕ್ಕೆಂದು ಮಸ್ಕತ್ತಿಗೆ ಹೋದವಳು ನೀನು.

ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಪತ್ರ ಎಂತಕ್ಕೆ ಎಂದು ಶಾರ್ಲೆಟ್ ಕೇಳಿದಳು. ಕಾಳನ್ನು ಫೋನಿನಲ್ಲಿ ಕಳಿಸಲಿಕ್ಕೆ ಆಗುವುದಿಲ್ಲ ಎಂದೆ. ನಿಜ ಏನೆಂದರೆ ಫೋನಿನಲ್ಲಿ ಒಂದು ಬದಿಗೆ ಮಾಯ್, ಇನ್ನೊಂದು ಬದಿಗೆ ಮಗಳು. ಅಲ್ಲದೆ ನಾವು ಕೊಂಕಣಿಯಲ್ಲಿ ಮಾತಾಡಿದರೆ ಜಗಳ ಆಗುತ್ತದೆ. ಮದುವೆಗೆ ಮೊದಲು ಬರೆದುಕೊಂಡ ಈ ಶಾಲೆಯ ಕನ್ನಡದಲ್ಲಾದರೆ ಸ್ವಲ್ಪ ಮರ್ಯಾದೆ ಇರುತ್ತದೆ.

ಕಾಪು ಕಡೆಯ ಒಂದು ಇಗರ್ಜಿಯಿಂದ ಹಳೆಯ ಕಾಲುತುಳಿ ಆರ್ಗನ್ ಬಂದಿದೆ. ಹಿತ್ತಿಲ ಶೆಡ್ಡಿನಲ್ಲಿ ಅದನ್ನು ಇಟ್ಟ ಮೇಲೆ ನನಗೆ ನಿಲ್ಲಲು ಮಾತ್ರ ಜಾಗ ಉಳಿದಿದೆ. ಒಳಗೆ ಇಲಿಗಳು ಸಂಸಾರ ಹೂಡಿವೆ. ತಿದಿಯ ಬಟ್ಟೆ ತಿಂದು, ಗಾಯನದ ಪುಸ್ತಕ ಹರಿದು ಹಾಸಿಗೆ ಮಾಡಿಕೊಂಡಿವೆ. ಕೀಬೋರ್ಡ್ ಬಂದ ಮೇಲೆ ಮೂಲೆಗೆ ತಳ್ಳಿದ್ದರಂತೆ. ಕ್ರಿಸ್ಮಸ್ಸಿಗೆ ನುಡಿಸುವ ಹಾಗೆ ಮಾಡಿಕೊಡು ಎಂದಿದ್ದಾರೆ ಫಾದರ್.

ಮಣಿಪಾಲದಿಂದ ಡೆನಿಸ್ ಬಂದಿದ್ದ. ಸುಮ್ಮನೆ.

ಮಾರ್ಚಿಗೆ ನಿನ್ನ ಕರಾರು ಮುಗಿಯುತ್ತದೆ ಎಂದು ನೆನಪುಂಟು. ಕಾಳು ತಿನ್ನುವ ಮೊದಲು ಶಿಲುಬೆಯ ಗುರುತು ಮಾಡು.

ನಿನ್ನ,
ಕಾರ್ಲ್ಟನ್


ಮಸ್ಕತ್
೨೯ ಸೆಪ್ಟೆಂಬರ್ ೨೦೨೪

ಪ್ರೀತಿಯ ಕಾರ್ಲ್ಟನ್,

ಕಾಳು ಬಂತು. ಈ ಸಲ ಒಂದೂ ಉರುಳಲಿಲ್ಲ. ಡಬ್ಬದ ತೆಂಗಿನ ಹಾಲಿಗೆ ಹಾಕಿ, ಶಿಲುಬೆಯ ಗುರುತು ಮಾಡಿ ತಿಂದೆ. ಅಂಬಲಪಾಡಿಯ ಚೈತಾಲಿ ಎಂದಿನಂತೆ ನನ್ನ ಎದುರು ಕುಳಿತು, "ಒಂದು ಕಾಳಿಗೆ ಇಷ್ಟು ಅಳ್ತೀಯಲ್ಲ ಮಾರಾಯ್ತಿ, ಒಂದು ಸೇರು ಕಳಿಸಿದ್ರೆ ಎಂತ ಮಾಡ್ತಿದ್ದೆ," ಎಂದಳು. ಆಮೇಲೆ ಅವಳೂ ಅತ್ತಳು. ಅವಳ ಮನೆಯಲ್ಲಿ ಹೊಸ ಅಕ್ಕಿ ಊಟಕ್ಕೆ ಯಾರೂ ಪಾಲು ಕಳಿಸುವುದಿಲ್ಲ.

ಡೆನಿಸ್ ಸುಮ್ಮನೆ ಬಂದನೇ? ಡೆನಿಸ್ ಸುಮ್ಮನೆ ತಲೆ ಕೂಡ ತುರಿಸಿಕೊಳ್ಳುವವನಲ್ಲ. ನೀನು ಆಸ್ಪತ್ರೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದಾಗ ಅವನು ಪಕ್ಕದ ಮೇಜು, ನಾನು ಮೇಲಿನ ಮಹಡಿಯ ನರ್ಸ್. ಅವನು ನನ್ನ ವಾರ್ಡಿಗೆ ಬಂದಾಗೆಲ್ಲ ಒಂದು ಕಾರಣ ಇರುತ್ತಿತ್ತು. ಈಗ ನಿನ್ನ ಶೆಡ್ಡಿನವರೆಗೆ ಬಂದಿದ್ದಾನೆ ಎಂದರೆ ಎಂತದೋ ಉಂಟು. ಹೇಳು.

ಜನವರಿಯಲ್ಲಿ ನಾನು ಇಲ್ಲಿ ಸಹಿ ಹಾಕಬೇಕು ಅಥವಾ ಹಾಕುವುದಿಲ್ಲ ಎಂದು ತಿಳಿಸಬೇಕು. ಹಾಕಿದರೆ ಮತ್ತೆ ಎರಡು ವರ್ಷ. ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ಸುಮ್ಮನೆ ತಿಳಿಸಿದೆ, ನಿನ್ನ ಡೆನಿಸ್‌ನ ಹಾಗೆ.

ಈ ನಡುವೆ ಒಂದು ಚಾಳಿ ಹತ್ತಿದೆ. ಏಸಿ ನಿಲ್ಲಿಸಿ, ಕಿಟಕಿ ತೆರೆದು, ಸ್ವರ್ಣಾ ನದಿಯ ಕಡೆಯಿಂದ ಗಾಳಿ ಬರುತ್ತದೆ ಎಂದುಕೊಂಡು ಮಲಗುತ್ತೇನೆ. ಐದು ನಿಮಿಷಕ್ಕೆ ಚೈತಾಲಿ ಬೈದು ಕಿಟಕಿ ಹಾಕುತ್ತಾಳೆ.

ನಿನ್ನ ಇಲಿಗಳಿಗೆ ನನ್ನ ನಮಸ್ಕಾರ. ಅವಕ್ಕಾದರೂ ಸಂಸಾರ ಒಂದೇ ಕಡೆ ಉಂಟು.

ನಿನ್ನ,
ಜೆನಿಫರ್


ಕಲ್ಯಾಣಪುರ
೨೦ ಅಕ್ಟೋಬರ್ ೨೦೨೪

ಪ್ರೀತಿಯ ಜೆನಿಫರ್,

ಕಾರ್ಕಳಕ್ಕೆ ಹೋಗಿ ಬಂದೆ. ಆನೆಕೆರೆಯ ಹತ್ತಿರದ ಅಂಗಡಿಯಲ್ಲಿ ರಾಮದಾಸರು ಈಗಲೂ ಭಜನೆಯವರ ಹಾರ್ಮೋನಿಯಂ, ಯಕ್ಷಗಾನದವರ ಶ್ರುತಿಪೆಟ್ಟಿಗೆ ಬಿಚ್ಚಿಕೊಂಡು ಕೂತಿರುತ್ತಾರೆ. ನಾನು ಕೆಲಸ ಕಲಿತ ಮಣೆ ಇನ್ನೂ ಅಲ್ಲೇ ಇದೆ. ಆರ್ಗನ್ನಿನ ಒಂದು ಸ್ವರ ಎಷ್ಟು ಮಾಡಿದರೂ ಕೂರುತ್ತಿರಲಿಲ್ಲ. ಆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಗೆಯನ್ನು ಅವರಿಗೆ ತೋರಿಸಿದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ನಾನು ಅವಸರದಲ್ಲಿ ಎರಡೂ ಕಡೆ ಕೆರೆದು ಅದನ್ನು ಕಾಗದದಷ್ಟು ತೆಳ್ಳಗೆ ಮಾಡಿದ್ದೆ. ರಾಮದಾಸರು ಬೆಳಕಿಗೆ ಹಿಡಿದು ನೋಡಿ, "ಕೆರೆದದ್ದನ್ನು ವಾಪಸು ಅಂಟಿಸುವ ವಿದ್ಯೆ ನನ್ನ ಅಪ್ಪನಿಗೂ ಗೊತ್ತಿರಲಿಲ್ಲ ಮಾರಾಯ," ಎಂದು ಬೇರೆ ಒಂದು ಕೊಟ್ಟರು.

ಮನೆಗೆ ಬಂದು ಅದನ್ನು ಕೂರಿಸಿ, ಶಾರ್ಲೆಟ್‌ಗೆ ತುಳಿಯಲು ಹೇಳಿ, ಕೀಲಿ ಒತ್ತಿದೆ. ಸ್ವರ ಬಂತು. ಎಷ್ಟೋ ವರ್ಷ ಬಾಯಿ ಮುಚ್ಚಿ ಕೂತಿದ್ದ ಮರದ ಪೆಟ್ಟಿಗೆ ಒಂದೇ ಸಮನೆ, ತುಂಬು ಕಂಠದಲ್ಲಿ. ಶಾರ್ಲೆಟ್ ತುಳಿಯುವುದನ್ನು ಮರೆತು ನನ್ನ ಮುಖ ನೋಡಿದಳು. ಜೆನ್ನಿ, ಆ ಗಳಿಗೆಯಲ್ಲಿ ನನಗೆ ಲೋಕದಲ್ಲಿ ಯಾರ ಮೇಲೂ ದೂರು ಇರಲಿಲ್ಲ. ಮರುಗಳಿಗೆ ನಿನಗೆ ಹೇಳಬೇಕು ಎಂದು ಅಡುಗೆಮನೆಯ ಕಡೆ ತಿರುಗಿದೆ. ಐದು ವರ್ಷದಿಂದ ನೀನು ಆ ಅಡುಗೆಮನೆಯಲ್ಲಿ ಇಲ್ಲ. ಆದರೂ ತಿರುಗಿದೆ.

ಡೆನಿಸ್ ವಿಷಯ. ಅವನ ವಿಭಾಗದಲ್ಲಿ ನನ್ನ ಹಳೆಯ ಹುದ್ದೆಯೇ ಖಾಲಿಯಾಗಿದೆಯಂತೆ. ಡಿಸೆಂಬರಿನಿಂದ ಸೇರಬಹುದು. ತಿಂಗಳ ಸಂಬಳ, ಪಿಎಫ್, ಮನೆಯವರಿಗೆಲ್ಲ ಚಿಕಿತ್ಸೆ ಉಚಿತ. ನಾನು ಸೇರಿದರೆ ನೀನು ಸಹಿ ಹಾಕಬೇಕಾಗಿಲ್ಲ. ಆಸ್ಪತ್ರೆಯೂ ಶೆಡ್ಡೂ ಒಟ್ಟಿಗೆ ನಡೆಯುವುದಿಲ್ಲ ಎಂದು ನಿನಗೂ ಗೊತ್ತು. ಆ ಕೆಲಸ ಮುಗಿಸಿ ಬಂದವನಿಗೆ ಕಿವಿಯಲ್ಲಿ ಯಂತ್ರಗಳ ಕೂಗು ಬಿಟ್ಟರೆ ಬೇರೆ ಏನೂ ಕೇಳುವುದಿಲ್ಲ. ಬಿಟ್ಟದ್ದೇ ಅದಕ್ಕೆ.

ನೋಡುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಎಂತ ಮಾಡಲಿ, ನೀನು ಹೇಳು.

ನಿನ್ನ,
ಕಾರ್ಲ್ಟನ್


ಮಸ್ಕತ್
೧೦ ನವೆಂಬರ್ ೨೦೨೪

ಕಾರ್ಲ್ಟನ್,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹರಿಯುವುದಿಲ್ಲ.

ನೀನು ಹೇಳು ಎಂದು ಬರೆದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ನಾನು ಸೇರು ಎಂದರೆ ಅದು ಅಪ್ಪಣೆ ಆಗುತ್ತದೆ. ಬೇಡ ಎಂದರೆ ತ್ಯಾಗ ಆಗುತ್ತದೆ. ಎರಡನ್ನೂ ನನ್ನ ತಲೆಗೆ ಕಟ್ಟಿ ನೀನು ಹಿತ್ತಿಲಲ್ಲಿ ಕೆರೆಯುತ್ತಾ ಕೂರುವುದು ಯಾವ ನ್ಯಾಯ? ನೀನು ಕೆಲಸ ಬಿಟ್ಟಾಗ ನಾನು ಬೇಡ ಎನ್ನಲಿಲ್ಲ. ನಿನ್ನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಆದರೆ ತಿಂಗಳ ಕೊನೆಗೆ ಏನೂ ಬಾರದ ಮನೆ ಎಂದರೆ ನನಗೆ ಹೆದರಿಕೆ. ಹೆಜಮಾಡಿಯಲ್ಲಿ ಅಪ್ಪ ದೋಣಿಯಿಂದ ಬರಿಗೈಯಲ್ಲಿ ಬಂದ ದಿನ ಅಮ್ಮ ಒಲೆಯ ಎದುರು ಕೂತಿರುತ್ತಿದ್ದದ್ದನ್ನು ನಾನು ನೋಡಿ ಬೆಳೆದವಳು. ಆ ಹೆದರಿಕೆಗೇ ಇಲ್ಲಿಗೆ ಬಂದೆ. ನಿನ್ನ ಆರ್ಗನ್ನಿಗೋಸ್ಕರ ಅಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಇಲ್ಲಿ ಕೆಲಸ ಕೆಟ್ಟದ್ದೇನಲ್ಲ. ಅವಧಿಗೆ ಮೊದಲು ಹುಟ್ಟಿದ ಶಿಶುಗಳ ವಾರ್ಡು. ಅಂಗೈಯಷ್ಟು ಮಕ್ಕಳು ನನ್ನ ಕೈಯಲ್ಲಿ ತೂಕ ಏರುತ್ತವೆ. ನಾನು ಒಳ್ಳೆಯ ನರ್ಸ್. ಅದು ನನಗೂ ಸಂತೋಷವೇ, ಯಾರೂ ಕೇಳಲಿಲ್ಲ ಎಂದು ಹೇಳಿಕೊಂಡಿರಲಿಲ್ಲ.

ಇನ್ನೊಂದು ವಿಷಯ, ಇದನ್ನು ನಾನು ಫೋನಿನಲ್ಲಿ ಹೇಳಲೇ ಇಲ್ಲ. ಮೇ ತಿಂಗಳಲ್ಲಿ ರಜೆಗೆ ಬಂದಿದ್ದೆನಲ್ಲ, ಮೊದಲ ದಿನ ಶಾರ್ಲೆಟ್ ನನಗೆ ನೀರು ತಂದಳು. ಶೋಕೇಸಿನಲ್ಲಿರುವ ಹೂವಿನ ಚಿತ್ರದ ಗಾಜಿನ ಲೋಟದಲ್ಲಿ, ಕೆಳಗೆ ತಟ್ಟೆ ಹಿಡಿದು. ಅದು ನೆಂಟರ ಲೋಟ. ನಾವೆಲ್ಲ ಸ್ಟೀಲ್ ಲೋಟದವರು. ನಾನು ಕುಡಿದೆ. ಅವಳು ಅದನ್ನು ತೊಳೆದು, ಒರೆಸಿ, ವಾಪಸು ಶೋಕೇಸಿನಲ್ಲಿ ಇಟ್ಟಳು. ಎಷ್ಟು ಒಳ್ಳೆಯ ಬುದ್ಧಿ ಕಲಿಸಿದ್ದೀರಿ ಎಂದು ಮಾಯ್‌ಗೆ ಹೇಳಿ, ಬಚ್ಚಲಿಗೆ ಹೋಗಿ ಅತ್ತೆ.

ಕೆರೆದದ್ದನ್ನು ವಾಪಸು ಅಂಟಿಸಲಿಕ್ಕೆ ಆಗುವುದಿಲ್ಲ ಎಂದು ನಿನ್ನ ರಾಮದಾಸರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ನನಗೆ ಮನೆಗೆ ಬರಬೇಕು ಕಾರ್ಲ್ಟನ್. ಇಷ್ಟೇ. ಅದಕ್ಕೆ ನೀನು ಎಂತ ಮಾಡಬೇಕು ಎಂದು ನಾನು ಹೇಳುವುದಿಲ್ಲ.

ಜೆನಿಫರ್


ಕಲ್ಯಾಣಪುರ
೨ ಡಿಸೆಂಬರ್ ೨೦೨೪

ಪ್ರೀತಿಯ ಜೆನಿಫರ್,

ಇವತ್ತು ಸೇರಿದೆ. ಮೇಜು ಅದೇ, ಕುರ್ಚಿ ಹೊಸತು. ಡೆನಿಸ್ ಎಲ್ಲರಿಗೂ ಗೋಳಿಬಜೆ ತರಿಸಿದ.

ಆರ್ಗನ್ ಅರ್ಧ ಆಗಿತ್ತು. ಹಾಗೆಯೇ ಟೆಂಪೋದಲ್ಲಿ ಕಾಪುವಿಗೆ ವಾಪಸು ಕಳಿಸಿದೆ. ಫಾದರ್ ಬೇಸರ ಮಾಡಲಿಲ್ಲ, ಕೀಬೋರ್ಡ್ ಉಂಟಲ್ಲ ಎಂದರು. ಕೆರೆಯುವ ಉಳಿಯನ್ನು ರಾಮದಾಸರಿಗೆ ಕೊಟ್ಟು ಬಂದೆ. ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಮಾಯ್ ಕೈಯಲ್ಲಿ ಕೊಟ್ಟಿದ್ದೇನೆ.

ನೀನು ಹೇಳಿ ಮಾಡಿದ್ದಲ್ಲ. ನಾನೇ ಮಾಡಿದ್ದು. ಶೋಕೇಸಿನ ಆ ಲೋಟವನ್ನು ನಿನ್ನೆ ತೆಗೆದು ಅಟ್ಟದ ಮೇಲೆ ಇಟ್ಟೆ.

ಸಹಿ ಹಾಕಬೇಡ. ಬಾ.

ನಿನ್ನ,
ಕಾರ್ಲ್ಟನ್


ಮಸ್ಕತ್
೨೩ ಮಾರ್ಚ್ ೨೦೨೫

ಪ್ರೀತಿಯ ಕಾರ್ಲ್ಟನ್,

ಪೆಟ್ಟಿಗೆ ಕಟ್ಟುತ್ತಿದ್ದೇನೆ. ಏಪ್ರಿಲಿನಲ್ಲಿ, ಗರಿಗಳ ಆದಿತ್ಯವಾರಕ್ಕೆ ಮೊದಲೇ ಊರಿನಲ್ಲಿರುತ್ತೇನೆ. ಈ ಪತ್ರ ನನಗಿಂತ ಮೊದಲು ತಲುಪುತ್ತದೋ ಇಲ್ಲವೋ, ಬರೆಯದೆ ಇರಲಾಗಲಿಲ್ಲ. ಇಲ್ಲಿಂದ ಬರೆಯುವ ಕೊನೆಯ ಪತ್ರ ಇದು.

ಚೈತಾಲಿ ನನ್ನ ಮಂಚ ಕಿಟಕಿಯ ಪಕ್ಕ ಎಂದು ಈಗಲೇ ತನ್ನ ದಿಂಬು ತಂದಿಟ್ಟಿದ್ದಾಳೆ. ವಾರ್ಡಿನಲ್ಲಿ ಒಂದು ಮಗು ಇವತ್ತು ಮನೆಗೆ ಹೋಯಿತು. ಅದರ ತಾಯಿ ನನ್ನ ಕೈ ಬಿಡಲೇ ಇಲ್ಲ. ನಾನೂ ಮನೆಗೆ ಹೋಗುತ್ತಿದ್ದೇನೆ ಎಂದು ಅವಳಿಗೆ ಹೇಳಿದೆ.

ಮಣಿಪಾಲದಲ್ಲಿ ಜೂನಿನಿಂದ ನನಗೂ ಕೆಲಸ ಸಿಗುವ ಹಾಗಿದೆ. ಅದೇ ಪುಟ್ಟ ಶಿಶುಗಳ ವಾರ್ಡು. ಸಂಬಳ ಇಲ್ಲಿನದರ ಕಾಲು ಭಾಗ. ಹೆದರಿಕೆ ಆಗುತ್ತದೆ, ಆದರೂ ಬರುತ್ತೇನೆ.

ಡಿಸೆಂಬರಿನಿಂದ ನೀನು ಫೋನಿನಲ್ಲಿ ಎಲ್ಲದಕ್ಕೂ "ಹ್ಞೂಂ, ಆಯ್ತು" ಎನ್ನುತ್ತೀ. ನಿನಗೆ ಸಂತೋಷ ಉಂಟಾ ಎಂದು ಕೇಳಲು ನಾಲಗೆಯ ತುದಿಗೆ ಬರುತ್ತದೆ. ಕೇಳುವ ಧೈರ್ಯ ಇಲ್ಲ. ನನಗೆ ಬರಬೇಕು.

ನಿನ್ನ,
ಜೆನಿಫರ್


ಕಲ್ಯಾಣಪುರ, ನಮ್ಮ ಅಡುಗೆಮನೆ
೧೨ ಸೆಪ್ಟೆಂಬರ್ ೨೦೨೫

ಪ್ರೀತಿಯ ಕಾರ್ಲ್ಟನ್,

ಗಾಬರಿಯಾಗಬೇಡ, ನಾನು ಎಲ್ಲಿಗೂ ಹೋಗಲಿಲ್ಲ. ನೀನು ಬಚ್ಚಲಿನಲ್ಲಿದ್ದೀ, ನಾನು ಇಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನು ನಿನ್ನ ಬುತ್ತಿಯ ಚೀಲದಲ್ಲಿ ಇಡುತ್ತೇನೆ. ಮಣಿಪಾಲ ತಲುಪಿದ ಮೇಲೆ ಓದು. ಕೊಂಕಣಿಯಲ್ಲಿ ಬಾಯಿಬಿಟ್ಟು ಹೇಳಿದರೆ ಮತ್ತೆ ಜಗಳ ಆಗುತ್ತದೆ. ಜಗಳವಾದರೂ ಆಗಲಿ ಎಂದು ಎರಡು ಸಲ ಪ್ರಯತ್ನ ಮಾಡಿದೆ, ನೀನು "ಹ್ಞೂಂ, ಆಯ್ತು" ಎಂದು ಮಲಗಿದೆ.

ಲಕೋಟೆಯಲ್ಲಿ ಏಳು ಕಾಳು ಉಂಟು. ಮೊದಲು ಅವನ್ನು ತೆಗೆದು ಜಾಗ್ರತೆಯಾಗಿ ಇಡು.

ಸೋಮವಾರ ಮೊಂತಿ ಹಬ್ಬದ ದಿನ ಎಂತ ಆಯಿತು ಎಂದು ನಿನಗೆ ಗೊತ್ತಿಲ್ಲ. ನೀನು ಜಗಲಿಯಲ್ಲಿ ಆಸ್ಪತ್ರೆಯವರ ಜೊತೆ ಫೋನಿನಲ್ಲಿದ್ದೆ. ಮಾಯ್ ಕಾಳು ಸುಲಿದಳು. ಹಂಚುವ ಮೊದಲು ಏಳು ಕಾಳು ಬೇರೆ ಇಟ್ಟು ಲಕೋಟೆ ತೆಗೆದಳು. ನನಗೆ ನಗು ಬಂತು. ಆರು ವರ್ಷದ ಅಭ್ಯಾಸ, ಮರೆತಿದ್ದಾಳೆ ಎಂದುಕೊಂಡೆ.

"ಮಾಯ್, ನಾನು ಬಂದಿದ್ದೇನೆ. ಇಲ್ಲೇ ಇದ್ದೇನಲ್ಲ," ಎಂದೆ.

"ಕಣ್ಣು ಕಾಣ್ತದೆ ನನಗೆ. ಇದು ನಿನಗಲ್ಲ."

"ಮತ್ತೆ?"

"ನನ್ನ ಮಗನಿಗೆ."

"ಅವರು ಜಗಲಿಯಲ್ಲಿ ಇದ್ದಾರಲ್ಲ ಮಾಯ್."

"ಎಲ್ಲಿದ್ದಾನೆ? ಉಣ್ಲಿಕ್ಕೆ ಬರ್ತಾನೆ, ಮಲಗ್ಲಿಕ್ಕೆ ಬರ್ತಾನೆ. ನೀನು ಹೋಗಿದ್ದಾಗ ಹಿತ್ತಿಲಿಂದ ಒಂದು ಪೀಂಯ್ ಆದ್ರೂ ಕೇಳ್ತಿತ್ತು. ಈಗ ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತುಂಟಾದ್ರೆ ನೀನೇ ಕಳಿಸು," ಎಂದು ಲಕೋಟೆಗೆ ಕಾಳು ಹಾಕಿ ನನ್ನ ಕೈಯಲ್ಲಿ ಇಟ್ಟಳು. ಅಷ್ಟರಲ್ಲಿ ನೀನು ಒಳಗೆ ಬಂದು, ತೆಂಗಿನ ಹಾಲು ಕುಡಿದು, ಚೆನ್ನಾಗಿದೆ ಎಂದೆ. ಯಾವುದು ಚೆನ್ನಾಗಿದೆ ಎಂದು ಕೇಳಿದ್ದರೆ ನಿನಗೆ ಹೇಳಲು ಬರುತ್ತಿರಲಿಲ್ಲ.

ನನಗೆ ಗೊತ್ತಿರಲಿಲ್ಲ ಎಂದಲ್ಲ. ಇಗರ್ಜಿಯಲ್ಲಿ ಗಾಯನದವರು ಸ್ವರ ತಪ್ಪಿದರೆ ನೀನು ಹಲ್ಲು ಕಚ್ಚಿ ನನ್ನ ಕೈ ಅದುಮುತ್ತಿದ್ದೆ. ಹೋದ ಆದಿತ್ಯವಾರ ಅವರು ಹಾಡಿದ್ದು ಕೇಳಿ ಹಿಂದಿನ ಸಾಲಿನ ಆಂಜೆಲಾಬಾಯಿ ಕೂಡ ಕಿವಿ ಮುಚ್ಚಿಕೊಂಡಳು. ನೀನು ಸುಮ್ಮನೆ ಕೂತಿದ್ದೆ. ನಾನು ಕೈ ಚಾಚಿ ಕಾಯುತ್ತಿದ್ದೆ.

ಶಾರ್ಲೆಟ್ ಈಗ ನನಗೆ ಸ್ಟೀಲ್ ಲೋಟದಲ್ಲಿ ನೀರು ಕೊಡುತ್ತಾಳೆ, ಅದೂ ಕರೆದು ಕರೆದು ಸಾಕಾದ ಮೇಲೆ. ಅದಕ್ಕಿಂತ ದೊಡ್ಡ ಸುಖ ನಾನು ಕೇಳಿಕೊಂಡಿರಲಿಲ್ಲ. ಅದನ್ನು ಕೊಟ್ಟವನು ನೀನು. ಆದರೆ ನಾನು ಮಸ್ಕತ್ತಿನಲ್ಲಿ ಕಿಟಕಿ ತೆರೆದು ಯಾರನ್ನು ನೆನೆಸಿಕೊಂಡು ಮಲಗುತ್ತಿದ್ದೆನೋ ಅವನು ಇಲ್ಲಿ ಸಿಗುತ್ತಿಲ್ಲ. ಒಂದೇ ದಿಂಬಿನಲ್ಲಿ ತಲೆ ಇಟ್ಟು ನಾನು ಅವನಿಗಾಗಿ ಈಗಲೂ ಅಲ್ಲಿಯಷ್ಟೇ ಹಂಬಲಿಸುತ್ತೇನೆ.

ಬುಧವಾರ ನನಗೆ ರಜೆ ಇತ್ತಲ್ಲ, ತವರಿಗೆ ಹೋಗುತ್ತೇನೆ ಎಂದು ಹೇಳಿ ಕಾರ್ಕಳಕ್ಕೆ ಹೋದೆ. ರಾಮದಾಸರು ನನ್ನನ್ನು ನೋಡಿದ್ದೇ ಒಳಗೆ ಹೋಗಿ ನಿನ್ನ ಉಳಿ ತಂದರು. "ಇದು ಅವನ ಕೈಗೆ ಸವೆದದ್ದು. ನನಗೆ ಹಿಡಿಯಲಿಕ್ಕೆ ಬರುವುದಿಲ್ಲ," ಎಂದರು. ಬುತ್ತಿಯ ಕೆಳಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಕೈ ಕೊಯ್ದುಕೊಳ್ಳಬೇಡ.

ಬರುವಾಗ ಕಾಪುವಿನಲ್ಲಿ ಇಳಿದು ಫಾದರ್‌ಗೂ ಹೇಳಿ ಬಂದೆ. ಆರ್ಗನ್ ನೀನು ಕಳಿಸಿದ ಹಾಗೆಯೇ ಮೂಲೆಯಲ್ಲಿ ಉಂಟು. ನಾಳೆ ಟೆಂಪೋದಲ್ಲಿ ಬರುತ್ತದೆ. ಕೀಲಿಯನ್ನು ಮಾಯ್‌ನಿಂದ ಇಸಕೊಂಡು ಶೆಡ್ಡು ಗುಡಿಸಿಟ್ಟಿದ್ದೇನೆ.

ಇನ್ನು ಮುಂದಿನದು. ನೀನು ಆ ಕೆಲಸ ಬಿಡಬೇಕು. ಹೋದ ಸಲ ನಾನು ಹೇಳುವುದಿಲ್ಲ ಎಂದು ಬರೆದಿದ್ದೆ, ಈ ಸಲ ಹೇಳುತ್ತೇನೆ. ಅಪ್ಪಣೆ ಎಂದುಕೊಂಡರೂ ಸರಿ. ನನ್ನ ಸಂಬಳದಲ್ಲಿ ಈ ಮನೆ ನಡೆಯುತ್ತದೆ, ಬಿಗಿಯಾಗಿ ನಡೆಯುತ್ತದೆ. ಮನೆಗೆ ಮೇಲೊಂದು ಮಹಡಿ ಎಂದುಕೊಂಡಿದ್ದೆವಲ್ಲ, ಅದನ್ನು ಕಟ್ಟುವುದಿಲ್ಲ. ಅಂಜಲ್ ಮೀನು ಹಬ್ಬಕ್ಕೆ ಮಾತ್ರ, ಉಳಿದ ದಿನ ಅಗ್ಗದ ಬೂತಾಯಿ. ನನಗೆ ಹೆದರಿಕೆ ಹೋಗಿದೆ ಎಂದು ತಿಳಿಯಬೇಡ. ತಿಂಗಳ ಕೊನೆಗೆ ನಾನು ಸಿಡಿಮಿಡಿ ಮಾಡುತ್ತೇನೆ, ಪಾತ್ರೆ ಎತ್ತಿ ಕುಕ್ಕುತ್ತೇನೆ, ನಿನ್ನ ಆರ್ಗನ್ನನ್ನು ಸೌದೆ ಮಾಡುತ್ತೇನೆ ಎಂದೂ ಹೇಳಬಹುದು. ಆಗ ಈ ಪತ್ರ ತೆಗೆದು ತೋರಿಸು. ಹೆದರಿಕೆಯನ್ನು ಮಸ್ಕತ್ತಿನಲ್ಲಿ ಒಬ್ಬಳೇ ಇಟ್ಟುಕೊಂಡು ಕೂರುವುದಕ್ಕಿಂತ ಇಲ್ಲಿ ನಿನ್ನ ಎದುರು ಇಟ್ಟುಕೊಳ್ಳುತ್ತೇನೆ.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಬೇಗ ಮುಗಿಸುತ್ತೇನೆ.

ಆ ಲಕೋಟೆ ಬಂದಾಗಲೆಲ್ಲ ನಾನು ಅತ್ತುಕೊಂಡೇ ತಿಂದಿದ್ದೇನೆ. ನೀನು ಅಳಬೇಡ, ಕ್ಯಾಂಟೀನಿನಲ್ಲಿ ಡೆನಿಸ್ ಇರುತ್ತಾನೆ. ಶಿಲುಬೆಯ ಗುರುತು ಮಾಡಿ, ಒಂದೊಂದೇ ಕಾಳು ತಿನ್ನು. ಇಲ್ಲದವರ ಪಾಲು ತಿಂದವರು ಯಾವತ್ತಾದರೂ ಮನೆಗೆ ಬಂದೇ ಬರುತ್ತಾರೆ ಎಂದು ಮಾಯ್ ಹೇಳುತ್ತಾಳೆ. ನಾನು ಬಂದಿದ್ದೇನೆ. ಈಗ ನೀನು ಬಾ.

ನಿನ್ನ ದಾರಿ ಕಾಯುವ,
ಜೆನಿಫರ್